ನಾಲ್ಕೇ ಮೆಟ್ಟಿಲು

"ನಾಲ್ಕೇ ಮೆಟ್ಟಿಲು ಕಣೇ," ಎಂದಳು ಫೋನಿನಲ್ಲಿ ಅಕ್ಕ. "ನಾನು ಮೂರು ಸಲ ಎಣಿಸಿದೆ. ನೀನೂ ಒಂದು ಸಲ ಎಣಿಸು."

ಊರವರೆಲ್ಲ ರೇಡಿಯೊ ಚಿಕ್ಕಮ್ಮ ಎಂದು ಕರೆಯುವ ಅವಳ ತಂಗಿ ತುಟಿಯ ನಡುವೆ ಕಚ್ಚಿಕೊಂಡಿದ್ದ ಎರಡು ಸ್ಕ್ರೂಗಳನ್ನು ಅಂಗೈಗೆ ಉದುರಿಸಿಕೊಂಡಳು. ಮೇಜಿನ ಮೇಲೆ ಯಾರದೋ ಮನೆಯ ಮಿಕ್ಸಿ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಶನಿವಾರ, ಬೆಳಗಿನ ಹನ್ನೊಂದು ಗಂಟೆ. ಬಂದರಿನ ಆಳ ಅಳೆಯುವವನು ಕಾಣೆಯಾಗಿ, ಅವನ ಹಳದಿ ದೋಣಿ ಮಾತ್ರ ಅಲೆತಡೆ ಗೋಡೆಯಾಚೆ ತೇಲುತ್ತ ಸಿಕ್ಕು ಇವತ್ತಿಗೆ ಐದನೇ ದಿನ.

"ಯಾವ ಮೆಟ್ಟಿಲು?"

"ಧಕ್ಕೆ ಮೆಟ್ಟಿಲು. ಮಂಗಳವಾರದ ವಿಡಿಯೋದಲ್ಲಿ."

ಆ ವಿಡಿಯೋವನ್ನು ಊರಲ್ಲಿ ನೋಡದವರಿರಲಿಲ್ಲ. ಚಿಕ್ಕಮ್ಮನ ಬಾಲ್ಕನಿಯ ಕ್ಯಾಮೆರಾದಲ್ಲೇ ಮೂಡಿದ್ದು. ಹತ್ತು ಗಂಟೆ ಎಂಟು ನಿಮಿಷಕ್ಕೆ ಅಳತೆಗಾರ ಹಳದಿ ಜಾಕೆಟ್ ತೊಟ್ಟು, ದೋಣಿ ಕಟ್ಟುವ ಕಲ್ಲಿನ ಧಕ್ಕೆಯ ಮೆಟ್ಟಿಲಿಳಿಯುತ್ತಾನೆ. ಒಬ್ಬನೇ. ದಿನವೂ ಮಾಡುವಂತೆ ಕ್ಯಾಮೆರಾದ ಕಡೆ ಕೈ ಬೀಸುತ್ತಾನೆ. ದೋಣಿ ಬಿಚ್ಚುತ್ತಾನೆ, ಹೋಗುತ್ತಾನೆ. ಅಷ್ಟೆ. ಬುಧವಾರ ಇನ್‌ಸ್ಪೆಕ್ಟರ್ ಬಂದು ಅದರ ಪ್ರತಿ ಪಡೆದುಕೊಂಡು ಹೋಗಿದ್ದ. ಒಬ್ಬನೇ ಹೋದವನು ಕಾಲು ಜಾರಿ ನೀರಿಗೆ ಬಿದ್ದಿರಬೇಕು, ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ ಎಂದು ನಿನ್ನೆ ಸಂಜೆ ಫೈಲು ಮುಚ್ಚುವ ಮಾತನ್ನೂ ಆಡಿದ್ದ.

ಅಕ್ಕ ತನ್ನ ಲೆಕ್ಕ ಬಿಡಿಸಿ ಹೇಳಿದಳು. ಮೂವತ್ತೈದು ವರ್ಷ ಮಕ್ಕಳಿಗೆ ಗಣಿತ ಕಲಿಸಿದ ಬಾಯಿ ಅದು, ಅವಸರ ಗೊತ್ತಿಲ್ಲ. ಸೊಂಟ ಮುರಿದು ಮಲಗಿದಲ್ಲೇ ಅವಳು ದಿನವೂ ಬೆಳಿಗ್ಗೆ ಹತ್ತು ಗಂಟೆಗೆ ಧಕ್ಕೆಯ ಎಷ್ಟು ಮೆಟ್ಟಿಲು ನೀರಿನ ಮೇಲೆ ಕಾಣುತ್ತವೆ ಎಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡುತ್ತಿದ್ದಳು. ಮಂಗಳವಾರ ಆ ಹೊತ್ತಿಗೆ ಸೊಂಟಕ್ಕೆ ವ್ಯಾಯಾಮ ಮಾಡಿಸುವವಳು ಬಂದಿದ್ದರಿಂದ ಆ ಒಂದು ದಿನದ ಮನೆ ಖಾಲಿ ಉಳಿದಿತ್ತು. ಇವತ್ತು ವಿಡಿಯೋ ನೋಡಿ ತುಂಬಿಸಿಬಿಡೋಣ ಎಂದು ಕೂತಿದ್ದಾಳೆ. ಸೋಮವಾರ ಎಂಟು ಮೆಟ್ಟಿಲು. ಬುಧವಾರವೂ ಎಂಟು. ನಡುವಿನ ಮಂಗಳವಾರಕ್ಕೆ ನಾಲ್ಕು.

"ಉಬ್ಬರ ಇಳಿತ ದಿನಕ್ಕೆ ಮುಕ್ಕಾಲು ಗಂಟೆ, ಐವತ್ತು ನಿಮಿಷ ತಡವಾಗುತ್ತೆ ಅಷ್ಟೆ," ಎಂದಳು ಅಕ್ಕ. "ಸೋಮವಾರ ಎಂಟು, ಬುಧವಾರ ಎಂಟು ಅಂದ್ರೆ ಮಂಗಳವಾರ ಎಂಟೋ ಒಂಬತ್ತೋ ಇರಲೇಬೇಕು. ಸಮುದ್ರ ಒಂದು ದಿನದ ಮಟ್ಟಿಗೆ ಬೇರೆ ಬುದ್ಧಿ ತೋರಿಸಲ್ಲ. ಹತ್ತು ಗಂಟೆಗೆ ನಾಲ್ಕು ಮೆಟ್ಟಿಲು ಯಾವಾಗ ಕಂಡಿತ್ತು ಅಂತ ಹುಡುಕಿದೆ. ಹಿಂದಿನ ಮಂಗಳವಾರ, ಪುಟ್ಟಿ. ಒಂದು ವಾರಕ್ಕೆ ಸರಿಯಾಗಿ ಉಬ್ಬರ ಇದ್ದ ಹೊತ್ತಿಗೆ ಇಳಿತ ಬರುತ್ತೆ."

ಅರವತ್ತೊಂದು ವರ್ಷದ ಪುಟ್ಟಿ ಅಂಗೈಯ ಸ್ಕ್ರೂಗಳನ್ನು ಮೇಜಿನ ಮೇಲಿಟ್ಟಳು. ಆಮೇಲೆ, ವಿಡಿಯೋದ ಮೂಲೆಯಲ್ಲಿ ತಾರೀಕು ಗಂಟೆ ಎಲ್ಲ ಸರಿಯಾಗಿಯೇ ಇದೆಯಲ್ಲ ಎಂದಳು. ಹೇಳುತ್ತಿದ್ದಂತೆಯೇ ಅವಳಿಗೆ ಉತ್ತರವೂ ಹೊಳೆಯಿತು. ಆ ಗಡಿಯಾರ ಕ್ಯಾಮೆರಾದ್ದಲ್ಲ. ಅದನ್ನು ಕಂಪ್ಯೂಟರ್ ಮೇಲಿಂದ ಅಂಟಿಸುತ್ತದೆ. ಕೆಳಗೆ ಓಡುತ್ತಿರುವುದು ಇಂದಿನ ಚಿತ್ರವೋ ಹೋದ ವಾರದ್ದೋ, ಅದಕ್ಕೆ ಅದರ ಗೊಡವೆಯಿಲ್ಲ. ಹಾಗೆ ಮಾಡಿಟ್ಟವಳು ಅವಳೇ.

ಅವಳ ಕ್ಯಾಮೆರಾ ಇಡೀ ಊರಿಗೆ ಸುಳ್ಳು ಹೇಳಿತ್ತು.

*

ಆ ಕ್ಯಾಮೆರಾ ಹುಟ್ಟಿದ್ದು ಅಕ್ಕನಿಗಾಗಿ. ಎಂಟು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಅಕ್ಕ, ಸಮುದ್ರದಿಂದ ಐದು ಗಂಟೆ ದಾರಿಯಾಚೆ ಮಗಳ ಮನೆಯಲ್ಲಿ ಮಲಗಿದ್ದಳು. ಅಲ್ಲಿನ ಕಿಟಕಿಯಿಂದ ಕಾಣುವುದು ಪಕ್ಕದ ಮನೆಯ ಗೋಡೆ. ಗೋಡೆಯ ಬಿರುಕಿಗೆಲ್ಲ ಹೆಸರಿಟ್ಟು ಮುಗಿಯಿತು, ಇನ್ನೇನು ಮಾಡಲಿ ಎಂದು ಅವಳು ಒಂದು ದಿನ ನಗುತ್ತಲೇ ಕೇಳಿದ್ದಳು. ಚಿಕ್ಕಮ್ಮನಿಗೆ ಆ ನಗು ತಡೆಯಲಾಗಲಿಲ್ಲ. ಅವರಪ್ಪ ಇದೇ ಬಂದರಿನಲ್ಲಿ ಹಡಗೆಳೆಯುವ ಟಗ್ ದೋಣಿ ನಡೆಸುತ್ತಿದ್ದವನು. ಅಕ್ಕತಂಗಿಯರಿಬ್ಬರೂ ಇದೇ ಮೂರನೇ ಮಹಡಿಯ ಬಾಲ್ಕನಿಯ ಸರಳಿಗೆ ಮೂಗೊತ್ತಿ ಹಡಗು ಎಣಿಸಿ ಬೆಳೆದವರು.

ಮೂವತ್ತು ವರ್ಷ ರೇಡಿಯೊ ಟೀವಿ ರಿಪೇರಿ ಅಂಗಡಿ ನಡೆಸಿದವಳಿಗೆ ಒಂದು ಹಳೆಯ ಫೋನನ್ನು ಕ್ಯಾಮೆರಾ ಮಾಡುವುದು ದೊಡ್ಡ ವಿದ್ಯೆಯೇನಲ್ಲ. ಆದರೂ ಮೊದಲ ಸಲ ಕೈಕೊಟ್ಟಿತು. ರಬ್ಬರ್ ಬ್ಯಾಂಡಿನಲ್ಲಿ ಸರಳಿಗೆ ಕಟ್ಟಿದ ಫೋನನ್ನು ಗಾಳಿ ತಿರುಗಿಸಿ, ಅಕ್ಕ ಎರಡು ದಿನ ಎದುರು ಕಟ್ಟಡದವರ ಟವೆಲುಗಳನ್ನು ನೋಡಿದ್ದಳು, ತಂಗಿಗೆ ಬೇಜಾರಾಗುತ್ತದೆಂದು ಹೇಳಿರಲಿಲ್ಲ. ಆಮೇಲೆ ಪ್ಲಾಸ್ಟಿಕ್ ಊಟದ ಡಬ್ಬಿಗೆ ತೂತು ಕೊರೆದು, ಕೆಟ್ಟ ಗಡಿಯಾರದ ಗಾಜು ಕೂರಿಸಿ, ಸುತ್ತ ಅಂಟು ಬಳಿದು ಫೋನನ್ನು ಒಳಗಿಟ್ಟಳು. ಡಬ್ಬಿ ಬೆವರಿತು. ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುತ್ತವಲ್ಲ, ತೇವ ಹೀರುವ ಸಣ್ಣ ಪೊಟ್ಟಣಗಳು, ಅವನ್ನು ಕಟ್ಟಡದವರಿಂದೆಲ್ಲ ಬೇಡಿ ತಂದು ತುರುಕಿದಳು. ಗಾಜಿನ ಮೇಲೆ ಉಪ್ಪು ಕೂತಿತು. ದಿನವೂ ಬೆಳಿಗ್ಗೆ ಕೋಲಿಗೆ ಒದ್ದೆ ಬಟ್ಟೆ ಸುತ್ತಿ ಒರೆಸುವುದು ಹಲ್ಲುಜ್ಜಿದಷ್ಟೇ ಅಭ್ಯಾಸವಾಯಿತು.

ಆದರೆ ಮನುಷ್ಯರು ಇರುವೆಯಷ್ಟೇ ಕಾಣುತ್ತಿದ್ದರು. ಅದಕ್ಕೆ ದಾರಿ ತೋರಿಸಿದ್ದು ಕೆಳಗಿನ ಮಹಡಿಯ ಅಳತೆಗಾರ. ತನ್ನ ಒಡೆದ ಬೈನಾಕ್ಯುಲರಿನ ಸರಿಯಿದ್ದ ಅರ್ಧವನ್ನು ತಂದು ಫೋನಿನ ಕಣ್ಣಿನ ಮುಂದೆ ಹಿಡಿದಿದ್ದ. ಎರಡು ಭಾನುವಾರ ಚಿಕ್ಕಮ್ಮನ ಜೊತೆ ಬಾಲ್ಕನಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಮಟ್ಟ ನೋಡುವ ಗಾಜು ಇಟ್ಟು, ಸಮುದ್ರ ಓರೆಯಾಗದಂತೆ ಡಬ್ಬಿಯನ್ನು ನಿಲ್ಲಿಸಿದ್ದ. ಧಕ್ಕೆಯ ಮೆಟ್ಟಿಲು ಚಿತ್ರದ ನಡುವೆ ಬರುವಂತೆ ಕೋನ ಹಿಡಿದವನೂ ಅವನೇ. ದಿನವೂ ಹತ್ತಕ್ಕೆ ನಾನು ಹೋಗುವುದು ದೊಡ್ಡಮ್ಮನಿಗೆ ಕಾಣಲಿ ಎಂದಿದ್ದ. ಅಂದಿನಿಂದ ಒಂದು ದಿನವೂ ಕೈ ಬೀಸದೆ ದೋಣಿ ಹತ್ತಿರಲಿಲ್ಲ.

ಚಿತ್ರ ಜಾಲಕ್ಕೆ ಹೋದಮೇಲೆ ನೋಡುವವರು ಕೂಡಿಕೊಂಡರು. ಹಡಗಿನ ಮೇಲಿದ್ದವರ ಹೆಂಡತಿಯರು, ಮೀನಿನ ವ್ಯಾಪಾರಿಗಳು, ಸುಮ್ಮನೆ ಹಡಗಿನ ಹುಚ್ಚು ಹಿಡಿದವರು. ಬಂದರು ಕಚೇರಿಯಲ್ಲೂ, ಹೂಳೆತ್ತುವ ಕಂಪನಿಯಲ್ಲೂ ಇದನ್ನೇ ಹಾಕಿಕೊಂಡು ಕೂರುತ್ತಾರೆಂದು ಅವಳ ಕಿವಿಗೂ ಬಿದ್ದಿತ್ತು. ಆಗ ಅವಳಿಗೆ ಹೆಮ್ಮೆಯಾಗಿತ್ತು.

*

ಫೋನನ್ನು ಕೆಳಗಿಡದೆಯೇ ಚಿಕ್ಕಮ್ಮ ಒಳಕೋಣೆಯ ಕಂಪ್ಯೂಟರಿನ ಮುಂದೆ ಕೂತಳು. ಪ್ರತಿದಿನದ ಚಿತ್ರ ಹದಿನೈದು ದಿನ ಅದರಲ್ಲಿ ಉಳಿಯುತ್ತದೆ. ಹೋದ ವಾರದ ಮಂಗಳವಾರದ ಚಿತ್ರವನ್ನು ತೆರೆದು ಹತ್ತು ಗಂಟೆ ಎಂಟು ನಿಮಿಷಕ್ಕೆ ಓಡಿಸಿದಳು.

ಅದೇ ನಾಲ್ಕು ಮೆಟ್ಟಿಲು. ಅದೇ ಕೈಬೀಸು. ನಾಲ್ಕನೇ ಮೆಟ್ಟಿಲ ಮೇಲೆ ಕೂತಿದ್ದ ಕಡಲಹಕ್ಕಿ ಅವನು ಬರುತ್ತಲೇ ಹಾರಿ ಮುಂದಿನ ಕಂಬಕ್ಕೆ ಕೂರುವುದೂ ಅದೇ.

ಆ ಕಡತವನ್ನು ತನಗಿಂತ ಮುಂಚೆ ಕೊನೆಯ ಸಲ ಯಾವಾಗ ತೆರೆದದ್ದು ಎಂದು ನೋಡಿದಳು. ಈ ಮಂಗಳವಾರ, ಒಂಬತ್ತು ಐವತ್ತೆರಡು.

ಆ ಹೊತ್ತಿಗೆ ಅವಳು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ಕಳೆದುಕೊಂಡು ಮಲಗಿದ್ದಳು. ಒಂಬತ್ತೂವರೆಗೆ ಹೊರಟು ಮನೆಗೆ ಬಂದಾಗ ಹನ್ನೊಂದೂವರೆ. ಬೀಗ ಹಾಕಿದಂತೆಯೇ ಇತ್ತು.

"ಕೀಲಿ ಎಷ್ಟಿದೆ?" ಎಂದಳು ಅಕ್ಕ.

"ಎರಡು."

"ಇನ್ನೊಂದು ಯಾರ ಹತ್ತಿರ?"

ನೆಲದ ಕೆಳಗಿನಿಂದ ದಪ್ಪ ಬಟ್ಟೆ ಹೊಲಿಯುವ ಯಂತ್ರದ ಸದ್ದು ಕೇಳುತ್ತಿತ್ತು. ಒಮ್ಮೆ ಓಡಿ, ನಿಂತು, ಮತ್ತೆ ಓಡುತ್ತಿತ್ತು. ಅಳತೆಗಾರನ ಹೆಂಡತಿ ದೋಣಿಗೆ ಹೊದಿಸುವ ಟಾರ್ಪಾಲು, ತೇಲುವ ಜಾಕೆಟ್ಟು ಹೊಲಿಯುವವಳು. ಗಂಡ ಕಾಣೆಯಾದ ಮೇಲೂ ಯಂತ್ರ ನಿಲ್ಲಿಸಿರಲಿಲ್ಲ. ನಿಲ್ಲಿಸಿದರೆ ತಲೆಯಲ್ಲಿ ಸದ್ದು ಶುರುವಾಗುತ್ತದೆ ಎಂದಿದ್ದಳು. ಚಿಕ್ಕಮ್ಮನ ಎರಡನೇ ಕೀಲಿ ನಾಲ್ಕು ವರ್ಷದಿಂದ ಅವಳ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು.

*

ಚಿಕ್ಕಮ್ಮ ಕೆಳಗಿಳಿಯುವಾಗ ಕಟ್ಟಡದ ಮೆಟ್ಟಿಲಲ್ಲಿ ಮೇಷ್ಟ್ರು ಎದುರಾದರು. ಅಳತೆಗಾರನಿಗೆ ಕೆಲಸ ಕಲಿಸಿದ ಹಿರಿಯರು. ಬಂದರಿನಲ್ಲಿ ಅಳತೆ ವಿಭಾಗದ ಮುಖ್ಯಸ್ಥರಾಗಿದ್ದು ನಿವೃತ್ತರಾದವರು. ಬುಧವಾರದಿಂದ ದಿನವೂ ಬಂದು ಆ ಹೆಣ್ಣುಮಗಳ ಜೊತೆ ಠಾಣೆಗೂ ಕಚೇರಿಗೂ ಓಡಾಡುತ್ತಿದ್ದರು. ಕಂಕುಳಲ್ಲಿ ಉದ್ದನೆಯ ಕಾಗದದ ಸುರುಳಿ, ಕೈಯಲ್ಲಿ ಮಡಿಸಿದ ಕರಿ ಕೊಡೆ. ನಿಂತು, ಹಲ್ಲುನೋವು ಹೇಗಿದೆ ಎಂದು ವಿಚಾರಿಸಿದರು. ಆ ಹುಡುಗಿ ಏನೂ ತಿನ್ನುತ್ತಿಲ್ಲ, ನೀವಾದರೂ ಒಂದು ತುತ್ತು ತಿನ್ನಿಸಿ ಎಂದು ಹೇಳಿ ಇಳಿದು ಹೋದರು.

ಹೊಲಿಗೆಯವಳ ಮನೆಯ ಮುಂಗೋಣೆಯ ತುಂಬ ನೀಲಿ ಟಾರ್ಪಾಲು ಹರಡಿತ್ತು. ಅದರ ನಡುವೆ ಅವಳು ಯಂತ್ರದ ಮುಂದೆ ಕೂತಿದ್ದಳು. ಮೂವತ್ತೆಂಟರ ಹೆಂಗಸು, ನಾಲ್ಕು ದಿನದಲ್ಲಿ ಕಣ್ಣು ಒಳಗೆ ಹೋಗಿದ್ದವು. ಚಿಕ್ಕಮ್ಮ ಬಾಗಿಲ ಹಿಂದೆ ನೋಡಿದಳು. ಕೀಲಿ ಮೊಳೆಯಲ್ಲೇ ಇತ್ತು. ಆದರೆ ಅದಕ್ಕೆ ಕಟ್ಟಿದ್ದ ಕೆಂಪು ದಾರ ಇರಲಿಲ್ಲ. ಹೊಸದೊಂದು ನೀಲಿ ನೂಲು ಇತ್ತು.

ಬೈದು ಬಾಯಿ ಬಿಡಿಸಬಹುದಿತ್ತು. ಚಿಕ್ಕಮ್ಮನಿಗೆ ಅದು ಬರುವುದಿಲ್ಲ. ಕೆಟ್ಟ ರೇಡಿಯೊವನ್ನು ತಟ್ಟಿದರೆ ಒಂದು ನಿಮಿಷ ಮಾತಾಡುತ್ತದೆ, ಆಮೇಲೆ ಪೂರ್ತಿ ಸುಮ್ಮನಾಗುತ್ತದೆ ಎಂಬುದು ಅವಳ ಅನುಭವ. ಟಾರ್ಪಾಲಿನ ಅಂಚು ಸರಿಸಿ ನೆಲದ ಮೇಲೆ ಕೂತಳು. ಅಕ್ಕ ಮೆಟ್ಟಿಲು ಎಣಿಸಿದ್ದನ್ನು ಹೇಳಿದಳು. ಕಂಪ್ಯೂಟರಿನಲ್ಲಿ ಕಂಡ ಗಂಟೆಯನ್ನು ಹೇಳಿದಳು. ತನ್ನ ಹೊರತು ಆ ಕ್ಯಾಮೆರಾ, ಕಂಪ್ಯೂಟರಿನ ಮರ್ಮ ಗೊತ್ತಿದ್ದವನು ಅವಳ ಗಂಡ ಒಬ್ಬನೇ ಎಂದೂ ಹೇಳಿದಳು. ಹೇಳುತ್ತ ಹೋದಂತೆ ಹೊಲಿಗೆಯವಳ ಕಾಲು ಪೆಡಲಿನಿಂದ ಕೆಳಗಿಳಿಯಿತು.

"ದಾರ ಎಲ್ಲಿ ಹೋಯ್ತು ಅಂತ ಮಾತ್ರ ಕೇಳ್ತೀನಿ," ಎಂದಳು ಚಿಕ್ಕಮ್ಮ. "ಬೇರೆ ಏನೂ ಬೇಡ."

ಹೊಲಿಗೆಯವಳು ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟಳು.

"ಅವರ ಜೇಬಲ್ಲಿ ಉಳಿದಿರಬೇಕು," ಎಂದಳು. "ಕೀಲಿ ನಾನೇ ಕೊಟ್ಟೆ ಚಿಕ್ಕಮ್ಮ. ಮೇಲಿಂದ ಇಳಿದು ಬಂದವರು ಕೀಲಿ ನನ್ನ ಕೈಗಿಟ್ಟು ಹೋದರು. ದಾರ ಕಿತ್ತಿತ್ತು."

ಆಮೇಲೆ ಮಾತು ತಾನಾಗಿ ಬಂತು. ಬಂದರಿಗೆ ಹಡಗು ಬರುವ ದಾರಿಯಲ್ಲಿ ಹೂಳು ತುಂಬಿದೆ. ಕಾಗದದ ಮೇಲೆ ಹನ್ನೊಂದು ಮೀಟರು ಆಳ. ಅವನು ಅಳೆದಾಗ ಒಂಬತ್ತೂ ಇರಲಿಲ್ಲ. ಹೂಳೆತ್ತಿದ್ದೇವೆಂದು ಹೇಳಿದವರು ಎತ್ತಿಯೇ ಇಲ್ಲ. ಸೋಮವಾರ ಬೆಳಿಗ್ಗೆ ಎಣ್ಣೆ ತುಂಬಿದ ದೊಡ್ಡ ಹಡಗೊಂದು ಆ ಹನ್ನೊಂದನ್ನು ನಂಬಿ ಒಳಗೆ ಬರಲಿದೆ. ಸುಳ್ಳು ಅಳತೆಗೆ ಸಹಿ ಹಾಕು ಎಂದು ತಿಂಗಳಿಂದ ಅವನ ಹಿಂದೆ ಬಿದ್ದಿದ್ದರು. ಅವನು ಎಲ್ಲಿ ಹೋದರೂ ಯಾರೋ ಹಿಂದೆಯೇ ಬರುತ್ತಿದ್ದರು. ದೋಣಿಯಲ್ಲಿದ್ದಾಗ ಮಾತ್ರ ಬಿಡುತ್ತಿದ್ದರು; ಏಕೆಂದರೆ ಚಿಕ್ಕಮ್ಮನ ಕ್ಯಾಮೆರಾದಲ್ಲಿ ಕಾಣುತ್ತಾನಲ್ಲ.

"ಅದಕ್ಕೇ ಹಳೇ ಚಿತ್ರ ಓಡಿಸ್ತೀನಿ ಅಂದ್ರು. ನಲವತ್ತು ನಿಮಿಷ ಅವರೆಲ್ಲ ನಾನು ನೀರ ಮೇಲಿದ್ದೀನಿ ಅಂದ್ಕೊಳ್ಳಲಿ, ಅಷ್ಟರಲ್ಲಿ ಬಸ್ ಹಿಡಿದು ಮುಖ್ಯ ಕಚೇರಿಗೆ ಹೋಗ್ತೀನಿ, ಸಂಜೆ ಬರ್ತೀನಿ ಅಂದ್ರು." ಅವಳ ದನಿ ಇಳಿಯಿತು. "ದೋಣಿ ಮುಟ್ಟಲ್ಲ ಅಂದಿದ್ದರು ಚಿಕ್ಕಮ್ಮ. ಆಮೇಲೆ ಆ ದೋಣಿ ಸಮುದ್ರದಲ್ಲಿ ಸಿಕ್ತು ಅಂದಾಗ ನನಗೆ ಬಾಯೇ ಕಟ್ಟಿಹೋಯ್ತು. ಹೇಳಿದ್ರೆ ಅವರಿಗೇ ಏನಾದ್ರೂ ಆಗುತ್ತೇನೋ ಅಂತ ಸುಮ್ಮನಿದ್ದೆ."

ಚಿಕ್ಕಮ್ಮ ಸಿಟ್ಟಾಗಬೇಕೆಂದು ನೋಡಿದಳು. ಆಗಲಿಲ್ಲ. ಎರಡು ಭಾನುವಾರ ತನ್ನ ಪಕ್ಕ ಕೂತಿದ್ದವನು ಒಂದು ಮಾತು ಕೇಳಿದ್ದರೆ ತಾನೇ ಮಾಡಿಕೊಡುತ್ತಿರಲಿಲ್ಲವೇ ಎಂಬ ನೋವು ಮಾತ್ರ ಒಂದು ಸಲ ಚುಚ್ಚಿ ಹೋಯಿತು. ಅದಕ್ಕಿಂತ ದೊಡ್ಡದು ಈಗ ಎದುರಿಗಿತ್ತು. ಅವನು ಬಸ್ಸಿಗೆ ಹೋಗಿದ್ದರೆ ದೋಣಿ ಬಿಚ್ಚಿದ್ದು ಯಾರು?

"ನಿಜವಾದ ಅಳತೆ ಈಗ ಎಲ್ಲಿದೆ?" ಎಂದು ಕೇಳಿದಳು.

ನಕ್ಷೆಯ ಒಂದು ಪ್ರತಿಯನ್ನು ಅವನು ಬಟ್ಟೆಯ ಸುರುಳಿಯೊಳಗೆ ಸುತ್ತಿ ಮನೆಯಲ್ಲೇ ಬಿಟ್ಟಿದ್ದನಂತೆ. ನಾನು ಬರುವ ತನಕ ಯಾರ ಕೈಗೂ ಕೊಡಬೇಡ ಎಂದಿದ್ದನಂತೆ.

"ಇವತ್ತು ಮೇಷ್ಟ್ರ ಕೈಗೆ ಕೊಟ್ಟೆ," ಎಂದಳು ಹೊಲಿಗೆಯವಳು. "ಮನೇಲಿ ಇಟ್ಕೊಂಡ್ರೆ ನಿನಗೇ ಅಪಾಯ, ನಾನೇ ಮುಖ್ಯ ಕಚೇರಿಗೆ ತಲುಪಿಸ್ತೀನಿ ಅಂದ್ರು. ಅವರು ಬೇರೆಯವರಲ್ವಲ್ಲ."

*

ಅಳತೆಗಾರನಿಗೆ ತಿಳಿಯದ ಸಂಗತಿ ಒಂದಿತ್ತು. ಹೋದ ತಿಂಗಳು ಇಂಟರ್‌ನೆಟ್ ಲೈನು ಪದೇಪದೇ ಕೈಕೊಡುತ್ತಿದ್ದಾಗ, ಚಿತ್ರ ಹಾಳಾಗದಿರಲೆಂದು ಚಿಕ್ಕಮ್ಮ ಡಬ್ಬಿಯೊಳಗಿನ ಫೋನಿಗೇ ಒಂದು ಮೆಮೊರಿ ಕಾರ್ಡ್ ಹಾಕಿದ್ದಳು. ಕಂಪ್ಯೂಟರಿನಲ್ಲಿ ಯಾರು ಏನನ್ನು ಓಡಿಸಿದರೂ, ಡಬ್ಬಿಯ ಕಣ್ಣು ತಾನು ಕಂಡದ್ದನ್ನು ತನ್ನ ಹೊಟ್ಟೆಯಲ್ಲಿ ಬರೆದುಕೊಳ್ಳುತ್ತಲೇ ಇರುತ್ತದೆ. ಆರು ದಿನ ಹಿಡಿಯುತ್ತದೆ, ಆಮೇಲೆ ಹಳೆಯದರ ಮೇಲೆ ಹೊಸದು. ಇವತ್ತು ಐದನೇ ದಿನ.

ಹೊಲಿಗೆಯವಳ ಕೈ ಹಿಡಿದುಕೊಂಡೇ ಮೇಲೆ ಕರೆತಂದಳು. ಅಕ್ಕನಿಗೆ ಮತ್ತೆ ಫೋನು ಮಾಡಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ಅಕ್ಕನೂ ಕೇಳಲಿ, ನೋಡಿದ್ದಕ್ಕೆ ಒಬ್ಬರು ಸಾಕ್ಷಿಯಿರಲಿ ಎಂದು. ಬಾಲ್ಕನಿಗೆ ಹೋಗಿ ಡಬ್ಬಿಯ ಬೆನ್ನು ಬಿಚ್ಚಿ, ಚಿತ್ರ ಅಲುಗದಂತೆ ಉಗುರಿನ ತುದಿಯಲ್ಲಿ ಕಾರ್ಡನ್ನು ಹೊರಗೆಳೆದಳು. ಕಾರ್ಡು ತೆಗೆದರೂ ಹೊರಗಿನವರಿಗೆ ಹೋಗುವ ಚಿತ್ರ ನಿಲ್ಲುವುದಿಲ್ಲ.

ಕಂಪ್ಯೂಟರಿನಲ್ಲಿ ಮಂಗಳವಾರ ಬೆಳಿಗ್ಗೆ ತೆರೆದುಕೊಂಡಿತು.

ಒಂಬತ್ತು ಮೆಟ್ಟಿಲು. ಕೊನೆಯ ಮೂರು ಪಾಚಿ ಕಟ್ಟಿ ಕಪ್ಪಗೆ ಹೊಳೆಯುತ್ತಿದ್ದವು. ಚಿಕ್ಕಮ್ಮ ಎಣಿಸಿ ಹೇಳಿದಳು. ಆ ಕಡೆ ಅಕ್ಕ ಕ್ಯಾಲೆಂಡರಿನಲ್ಲಿ ಬರೆದುಕೊಂಡ ಪೆನ್ನಿನ ಸದ್ದೂ ಕೇಳಿಸಿತು.

ಹತ್ತು ಗಂಟೆ. ಧಕ್ಕೆ ಖಾಲಿ. ಹತ್ತು ಐದು, ಖಾಲಿ. ಹಳದಿ ದೋಣಿ ಕಟ್ಟಿದಲ್ಲೇ ತೂಗುತ್ತಿತ್ತು. ಹೊಲಿಗೆಯವಳು ತೆರೆಯ ಹತ್ತಿರಕ್ಕೆ ಬಾಗಿದಳು. ಬೇರೆ ಯಾರಾದರೂ ಬರಲಿ, ಅವಳು ಒಮ್ಮೆಯೂ ನೋಡಿರದ ಯಾರಾದರೂ ಬಂದು ಆ ದೋಣಿ ಬಿಚ್ಚಲಿ ಎಂದು ಅವಳು ಬೇಡಿಕೊಳ್ಳುತ್ತಿದ್ದಂತೆ ಚಿಕ್ಕಮ್ಮನಿಗೆ ಕಂಡಿತು.

ಹತ್ತು ಹದಿನಾಲ್ಕಕ್ಕೆ ಹಳದಿ ಜಾಕೆಟ್ ಬಂತು.

ಬಂದವನು ಅಳತೆಗಾರನೇ. ಅನುಮಾನವಿರಲಿಲ್ಲ, ಅವನ ಮುಖ ಒಂದು ಕ್ಷಣ ನೇರವಾಗಿ ಗಾಜಿನ ಕಡೆ ತಿರುಗಿತ್ತು. ಕೈ ಮಾತ್ರ ಬೀಸಲಿಲ್ಲ. ಪಾಚಿಯ ಮೆಟ್ಟಿಲವರೆಗೆ ಹುಷಾರಾಗಿ ಇಳಿದು, ಹಿಂದೆ ತಿರುಗಿ ಕೈ ಚಾಚಿದ. ಆ ಕೈ ಹಿಡಿದು ಇನ್ನೊಬ್ಬರು ಇಳಿದು ಬಂದರು. ಬಿಳಿ ತಲೆ, ಮಡಿಸಿದ ಕರಿ ಕೊಡೆ. ಜಾರದಂತೆ, ತಂದೆಯನ್ನು ಇಳಿಸುವವನ ಹಾಗೆ, ಅಳತೆಗಾರ ಅವರನ್ನು ತೋಳು ಹಿಡಿದು ದೋಣಿಗೆ ಹತ್ತಿಸಿದ. ಇಬ್ಬರೂ ಹೊರಟುಹೋದರು.

ಚಿಕ್ಕಮ್ಮ ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದಳು.

"ಮೇಷ್ಟ್ರು," ಎಂದಳು ಹೊಲಿಗೆಯವಳು. "ಮಂಗಳವಾರ ಅವರು ಊರಲ್ಲೇ ಇರಲಿಲ್ಲ ಅಂದಿದ್ರು. ಸುದ್ದಿ ಕೇಳಿ ಬುಧವಾರ ಓಡಿ ಬಂದೆ ಅಂದಿದ್ರು."

ಚಿಕ್ಕಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಅವಳ ತಲೆ ಬೇರೆಡೆ ಓಡುತ್ತಿತ್ತು. ಹಳೆಯ ಚಿತ್ರವನ್ನೂ ನಿಜವಾದ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಎರಡರಲ್ಲೂ ಅಳತೆಗಾರ ಅದೇ ದೋಣಿಯಲ್ಲಿ ಹೆಚ್ಚುಕಡಿಮೆ ಅದೇ ಹೊತ್ತಿಗೆ ಹೊರಡುತ್ತಾನೆ. ಬಸ್ಸು ಎಲ್ಲೂ ಇಲ್ಲ. ಹಾಗಾದರೆ ಹಳೆಯ ಚಿತ್ರ ಮರೆಮಾಡಿದ್ದು ಏನನ್ನು? ಒಂದೇ ಒಂದು ವ್ಯತ್ಯಾಸ. ಅದರಲ್ಲಿ ಅವನು ಒಬ್ಬನೇ.

ಜೊತೆಗಿದ್ದವರು ಕಾಣಬಾರದೆಂದೇ ಇಷ್ಟೆಲ್ಲ. ಮತ್ತೆ ಅದನ್ನು ಮಾಡಿದ್ದು ಅವನ ಕೈ. ಈ ಮಾತನ್ನು ಅವನ ಹೆಂಡತಿಯ ಮುಂದೆ ಆಡಲು ಅವಳಿಗೆ ನಾಲಿಗೆ ಬರಲಿಲ್ಲ. ಮೊದಲು ಇನ್‌ಸ್ಪೆಕ್ಟರಿಗೆ ಫೋನು ಮಾಡೋಣ, ಮೇಷ್ಟ್ರು ಆ ಸುರುಳಿಯ ಜೊತೆ ಹೆಚ್ಚು ದೂರ ಹೋಗಿರಲಾರರು ಎಂದಷ್ಟೇ ಹೇಳಿದಳು.

"ಹೋಗಿಲ್ಲ," ಎಂದಿತು ಮೇಜಿನ ಮೇಲಿನ ಫೋನು. "ಪುಟ್ಟಿ, ನಿನ್ನ ಮೇಷ್ಟ್ರ ಹತ್ತಿರ ಕರೀ ಕೊಡೆ, ಉದ್ದ ಸುರುಳಿ ಇದೆಯಾ? ಧಕ್ಕೆ ಮೇಲೆ ನಡೀತಾ ಇದ್ದಾರೆ. ಈಗ. ನನ್ನ ಮುಂದೇನೇ ಇದ್ದಾರೆ."

ಅಕ್ಕನ ಕೈಯಲ್ಲಿದ್ದುದು ಇವತ್ತಿನ ಚಿತ್ರ. ಈ ಹೊತ್ತಿನದು, ಹೆಚ್ಚೆಂದರೆ ಅರ್ಧ ನಿಮಿಷ ಹಿಂದಿನದು.

ಹೊಲಿಗೆಯವಳು ಬಾಲ್ಕನಿಗೆ ಓಡಿದಳು. ಬರಿಗಣ್ಣಿಗೆ ಧಕ್ಕೆ ಒಂದು ಬೂದು ಗೆರೆ. ಅದರ ಮೇಲೆ ಒಂದೆರಡು ಚುಕ್ಕೆ. ಯಾವುದು ಕಂಬ ಯಾವುದು ಮನುಷ್ಯ ಎಂದು ತಿಳಿಯುವಂತಿರಲಿಲ್ಲ. ಚಿಕ್ಕಮ್ಮ ಕಂಪ್ಯೂಟರನ್ನು ಇಂದಿನ ಚಿತ್ರಕ್ಕೆ ತಿರುಗಿಸಲು ಹೋದಳು. ಅವಸರದಲ್ಲಿ ಎರಡು ಸಲ ತಪ್ಪು ಜಾಗ ಒತ್ತಿದಳು. ಅಷ್ಟರಲ್ಲಿ ಅಕ್ಕ ಹೇಳುತ್ತ ಹೋದಳು, ತರಗತಿಯಲ್ಲಿ ಲೆಕ್ಕ ಬರೆಸುವ ಅದೇ ನಿಧಾನದ ದನಿಯಲ್ಲಿ.

ಮೆಟ್ಟಿಲಿಳಿಯುತ್ತಿದ್ದಾರೆ. ಕೆಳಗೆ ಬಣ್ಣ ಹೋದ ಒಂದು ದೋಣಿ ಇದೆ, ನಾನು ಯಾವತ್ತೂ ನೋಡಿದ್ದಲ್ಲ. ಅದರಲ್ಲಿ ಒಬ್ಬ ಬಗ್ಗಿ ಕೂತಿದ್ದಾನೆ, ತಲೆಗೆ ಟೋಪಿ. ಮೇಷ್ಟ್ರು ಸುರುಳಿಯನ್ನು ಅವನ ಕೈಗೆ ಕೊಟ್ಟರು. ಅವನು ಅದನ್ನು ಬಿಚ್ಚಿ ನೋಡುತ್ತಿದ್ದಾನೆ. ಸೆಕೆಗೆ ಟೋಪಿ ತೆಗೆದ.

ಸರಿಯಾಗಿ ಕೇಳಿಸಲೆಂದು ಚಿಕ್ಕಮ್ಮ ಫೋನನ್ನು ಎತ್ತಿಕೊಂಡಳು.

"ಅವನೇ," ಎಂದಳು ಅಕ್ಕ. "ಅಳತೆಯವನು. ತಿಂಗಳುಗಟ್ಟಲೆ ದಿನಾ ನೋಡಿದ ಮುಖ, ತಪ್ಪಲ್ಲ. ಜೀವಂತ ಇದ್ದಾನೆ."

ಬಾಲ್ಕನಿಯಿಂದ ಒಳಗೆ ಬಂದ ಹೊಲಿಗೆಯವಳ ಮುಖ ನೋಡಲಾಗುತ್ತಿರಲಿಲ್ಲ. ನಗುವೂ ಅಳುವೂ ಒಟ್ಟಿಗೆ ಬಂದು ಎರಡೂ ಅರ್ಧಕ್ಕೆ ನಿಂತಿದ್ದವು. ಚಿಕ್ಕಮ್ಮನ ಕೈಯಿಂದ ಫೋನು ತೆಗೆದುಕೊಂಡಳು. ಐದು ದಿನದಿಂದ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಭಯವೆಲ್ಲ ಒಂದು ಪ್ರಶ್ನೆಯಾಗಿ ಹೊರಬಂತು.

"ದೊಡ್ಡಮ್ಮ, ಅವರ ಕೈ ಕಟ್ಟಿಹಾಕಿದಾರಾ? ಸರಿಯಾಗಿ ನೋಡಿ. ಯಾರಾದ್ರೂ ಅವರನ್ನ ಹಿಡ್ಕೊಂಡಿದಾರಾ?"

"ಇಲ್ಲಮ್ಮ," ಎಂದಳು ಅಕ್ಕ. "ಯಾರೂ ಹಿಡ್ಕೊಂಡಿಲ್ಲ. ದೋಣಿ ಹಗ್ಗ ಬಿಚ್ಚುತ್ತಾ ಇರೋದು ಅವನೇ."